ನಲವತ್ತೆರಡಕ್ಕೇ ರಿಟೈರ್ ಆಗುವವರ ಊರಲ್ಲಿ

ಹೋದ ತಿಂಗಳು ನನಗೆ 42 ತುಂಬಿತು. ಅಂಥ ದೊಡ್ಡ ವಿಷಯವೇನಲ್ಲ ಬಿಡಿ. ಆಫೀಸಿನಲ್ಲಿ ಕೇಕ್ ಕತ್ತರಿಸಿದರು, ಊರಿಂದ ಅಮ್ಮ ಫೋನ್ ಮಾಡಿ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿದೆಯಾ ಎಂದು ಕೇಳಿದರು, ಸಂಜೆ ಕೆಳಮನೆ ಮೇಡಂಗೆ ಒಂದು ಡಬ್ಬಿ ಕೇಸರಿಬಾತ್ ಕೊಡೋಣ ಎಂದು ಇಳಿದು ಹೋದೆ. "ಎಷ್ಟಾಯ್ತು?" ಎಂದರು. ಹೇಳಿದೆ. ಚಮಚ ಬಾಯಲ್ಲಿಟ್ಟುಕೊಂಡೇ ನಕ್ಕುಬಿಟ್ಟರು. "ನೀನು ಒಪೆರಾದಲ್ಲಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಕೈಗೊಂದು ಹೂಗುಚ್ಛ ಕೊಟ್ಟು ಮನೆಗೆ ಕಳಿಸಿರುತ್ತಿದ್ದರು."

ತಮಾಷೆಗೆ ಹೇಳಿದ್ದಲ್ಲ. ಪ್ಯಾರಿಸ್ ಒಪೆರಾದ ಬ್ಯಾಲೆ ಕಂಪನಿಯಲ್ಲಿ ನಿವೃತ್ತಿಯ ವಯಸ್ಸು 42. ಗಂಡಾಗಲಿ ಹೆಣ್ಣಾಗಲಿ, ಮೊದಲ ಸಾಲಿನವರಾಗಲಿ ಕೊನೆಯ ಸಾಲಿನವರಾಗಲಿ, ಎಲ್ಲರಿಗೂ ಒಂದೇ. ಮೊದಲು ಹೆಂಗಸರಿಗೆ 40, ಗಂಡಸರಿಗೆ 45 ಅಂತ ಇತ್ತು, ಆಮೇಲೆ ಇಬ್ಬರನ್ನೂ ಒಂದೇ ಗೆರೆಗೆ ತಂದರು.

ಈ ಮೇಡಂ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಪ್ಯಾರಿಸ್‌ನ ಹದಿನೆಂಟನೇ ವಾರ್ಡಿನಲ್ಲಿ ಲಿಫ್ಟ್ ಇಲ್ಲದ ಹಳೇ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿದ್ದೇನೆ. ಅವರು ನೆಲಮಹಡಿಯಲ್ಲಿ. ಬೇಕಂತಲೇ ನೆಲಮಹಡಿ ಹುಡುಕಿಕೊಂಡು ಬಂದವರು, ಮೆಟ್ಟಿಲು ಹತ್ತಲು ಆಗುವುದಿಲ್ಲ. ಬೇರೆ ಊರಿನ ಒಂದು ಕಂಪನಿಯಲ್ಲಿ ಹದಿನಾರು ವರ್ಷ ಕುಣಿದವರು. 34ಕ್ಕೆ ನಿಲ್ಲಿಸಿದರು. ಈಗ 56. ಬೆನ್ನು ಮಾತ್ರ ಈಗಲೂ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನೆಟ್ಟಗಿದೆ. ಅವರ ಎದುರು ಕೂತರೆ ನನಗೆ ನನ್ನ ಗೂನು ನೆನಪಾಗುತ್ತದೆ.

ನನಗೆ ಬ್ಯಾಲೆ ಬಗ್ಗೆ ಏನೂ ಗೊತ್ತಿರಲಿಲ್ಲ. ಸಾಗರದಲ್ಲಿ ಐದು ವರ್ಷ ಭರತನಾಟ್ಯ ಕಲಿತು, ಎಸ್ಸೆಸ್ಸೆಲ್ಸಿ ಬಂತು ಅಂತ ಬಿಟ್ಟ ಲಕ್ಷಾಂತರ ಹುಡುಗಿಯರಲ್ಲಿ ನಾನೂ ಒಬ್ಬಳು. ಈ ಗೀಳು ಹತ್ತಿದ್ದು 2019ರ ಡಿಸೆಂಬರ್ 24ರಂದು. ಆ ತಿಂಗಳು ಪ್ಯಾರಿಸ್‌ನಲ್ಲಿ ಪಿಂಚಣಿ ಮುಷ್ಕರ. ಮೆಟ್ರೋ ಅರ್ಧಕ್ಕರ್ಧ ಬಂದ್, ಎಲ್ಲಿಗೆ ಹೋಗಬೇಕಾದರೂ ನಡೆದೇ ಹೋಗಬೇಕು. ಕ್ರಿಸ್‌ಮಸ್ ಸಾಮಾನು ತರಲು ಅಂಗಡಿ ಬೀದಿಗೆ ಹೋದವಳು ಪಾಲೆ ಗಾರ್ನಿಯೇ ಮುಂದೆ ಜನ ಸೇರಿದ್ದು ನೋಡಿ ನಿಂತೆ. ಅದು 1875ರಲ್ಲಿ ಬಾಗಿಲು ತೆರೆದ ಒಪೆರಾ ಮನೆ, ಚಿನ್ನದ ಬಣ್ಣ ಬಳಿದು ಮೇಲೆಲ್ಲ ಮೂರ್ತಿ ನಿಲ್ಲಿಸಿದ ಭಾರೀ ಕಟ್ಟಡ. ಅದರ ಮೆಟ್ಟಿಲ ಮುಂದೆ, ಬಯಲಲ್ಲಿ, ಟುಟು ಎಂಬ ಬಿಳಿ ಲಂಗ ಹಾಕಿಕೊಂಡ ಹುಡುಗಿಯರು ಸ್ವಾನ್ ಲೇಕ್ ಎಂಬ ಹಂಸಗಳ ಬ್ಯಾಲೆಯ ಒಂದು ಭಾಗ ಕುಣಿಯುತ್ತಿದ್ದರು. ಒಪೆರಾದ ವಾದ್ಯದವರೇ ಕೋಟು ಹಾಕಿಕೊಂಡು ನುಡಿಸುತ್ತಿದ್ದರು. ಹಿಂದೆ ಮುಷ್ಕರದ ಬ್ಯಾನರ್. ನಾವೆಲ್ಲ ಮಫ್ಲರ್ ಸುತ್ತಿಕೊಂಡು ಮೂಗು ಒರೆಸುತ್ತಿದ್ದೇವೆ, ಅವರ ತೋಳು, ಬೆನ್ನು ಎಲ್ಲಾ ಬರಿದು. ಹೆಚ್ಚೆಂದರೆ ಕಾಲು ಗಂಟೆ ಇರಬೇಕು. ಮುಗಿದ ಮೇಲೆ ಜನ ಸುಮ್ಮನಾಗಲೇ ಇಲ್ಲ.

ಅವರ ತಕರಾರು ಏನಪ್ಪಾ ಅಂದರೆ, ಸರ್ಕಾರ ಬೇರೆ ಬೇರೆ ನೌಕರಿಗಳ ವಿಶೇಷ ಪಿಂಚಣಿಗಳನ್ನೆಲ್ಲ ತೆಗೆದು ಒಂದೇ ಪದ್ಧತಿ ಮಾಡಲು ಹೊರಟಿತ್ತು. ಹಾಗಾದರೆ 42ರ ಪಿಂಚಣಿಯೂ ಹೋಗುತ್ತದೆ. ಆಮೇಲೆ ಸರ್ಕಾರ ಒಂದು ಮೆಟ್ಟಿಲು ಇಳಿಯಿತು: ಈಗಿರುವವರಿಗೆ ಏನೂ ಆಗಲ್ಲ, 2022ರಿಂದ ಸೇರುವವರಿಗೆ ಮಾತ್ರ ಹೊಸ ನಿಯಮ. ಕುಣಿಯುವವರು ಒಪ್ಪಲಿಲ್ಲ. ನಮ್ಮದು ಉಳಿಯಿತು, ಹಿಂದೆ ಬರುವ ಮಕ್ಕಳದ್ದು ಹೋಗಲಿ ಅನ್ನಲು ನಾವು ಸಿದ್ಧರಿಲ್ಲ ಎಂದರು. ಕೊನೆಗೆ ಕೋವಿಡ್ ಬಂದು ಆ ಮಸೂದೆಯೇ ಮೂಲೆ ಸೇರಿತು. 2023ರಲ್ಲಿ ಮತ್ತೆ ಪಿಂಚಣಿ ಕಾನೂನು ಬಂದು ಮೆಟ್ರೋದವರು, ವಿದ್ಯುತ್‌ನವರು ಎಲ್ಲರ ವಿಶೇಷ ಸವಲತ್ತಿಗೆ ಹೊಸಬರ ಮಟ್ಟಿಗೆ ಕತ್ತರಿ ಬಿತ್ತು. ಆದರೆ ಒಪೆರಾದ್ದು ಉಳಿಯಿತು.

ಈ ಪಿಂಚಣಿಗೆ ಮುನ್ನೂರು ವರ್ಷ ದಾಟಿದೆ. 1698ರಲ್ಲಿ ಹದಿನಾಲ್ಕನೇ ಲೂಯಿ ಶುರುಮಾಡಿದ್ದು. ಈ ರಾಜ ಸ್ವತಃ ಕುಣಿಯುತ್ತಿದ್ದ. 1653ರಲ್ಲಿ, ಹದಿನಾಲ್ಕು ವರ್ಷದ ಹುಡುಗ, ಸೂರ್ಯನ ವೇಷ ಹಾಕಿ ರಾತ್ರಿಯಿಡೀ ನಡೆದ ಒಂದು ಬ್ಯಾಲೆಯಲ್ಲಿ ಬಂದ. ಅಲ್ಲಿಂದಲೇ ಅವನಿಗೆ ಸೂರ್ಯರಾಜ ಎಂಬ ಹೆಸರು ಅಂಟಿಕೊಂಡಿತು. 1670ರ ಹೊತ್ತಿಗೆ ಆತನೂ ವೇದಿಕೆ ಬಿಟ್ಟ, ಆಗ ಮೂವತ್ತೆರಡರ ಆಸುಪಾಸು. ತನಗೆ ದಣಿವಾದ ಮೇಲೆ ಆ ದಣಿವಿಗೆ ಬೆಲೆ ಕಟ್ಟಿದನೋ ಏನೋ, ನನಗಂತೂ ಹಾಗೆ ಅಂದುಕೊಳ್ಳಲು ಇಷ್ಟ.

ಅಮ್ಮನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. "ನಲವತ್ತೆರಡಕ್ಕೇ ಪಿಂಚಣಿಯಾ? ಅಲ್ಲ ಕೂಸೇ, ನಿನ್ನಪ್ಪನ್ನ ಅರವತ್ತರವರೆಗೂ ಬಿಡಲಿಲ್ಲವಲ್ಲೇ!" ಎಂದರು. ಆಮೇಲೆ ಒಂದು ನಿಮಿಷ ಬಿಟ್ಟು, "ಚಿಟ್ಟಾಣಿಯವರು ಎಂಬತ್ತರಲ್ಲೂ ಕುಣಿಯುತ್ತಿದ್ದರಲ್ಲ, ಅವರಿಗೆ ಯಾವ ರಾಜನೂ ನಿಲ್ಲು ಅನ್ನಲಿಲ್ಲ" ಎಂದರು.

ಅದೂ ಸರಿಯೇ. ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿ ಚೌಕಿಯಿಂದ ಹೊರಗೆ ಬಂದವರು. ಮೊದಲಿನ ಆ ಗಿರಕಿ ಇರಲಿಲ್ಲ, ಆದರೆ ಭಸ್ಮಾಸುರ ಮೋಹಿನಿಯನ್ನು ನೋಡುವ ಆ ಒಂದು ನೋಟಕ್ಕೆ ಜನ ನಿದ್ದೆಗೆಟ್ಟು ಕೂತಿರುತ್ತಿದ್ದರು. ಭರತನಾಟ್ಯದಲ್ಲೂ ಅಷ್ಟೇ. ವೈಜಯಂತಿಮಾಲಾ 2024ರಲ್ಲಿ ಅಯೋಧ್ಯೆಯಲ್ಲಿ ನರ್ತಿಸಿದಾಗ ಅವರಿಗೆ 90. ನಮ್ಮಲ್ಲಿ ಕಾಲು ಸೋತರೆ ಕಣ್ಣಿದೆ, ಕೈಯಿದೆ, ಕೂತು ಪದ ಅಭಿನಯಿಸಿದರೂ ಸಾಲುತ್ತದೆ. ವಯಸ್ಸಾದಷ್ಟೂ ಅಭಿನಯ ಹಣ್ಣಾಯಿತು ಎನ್ನುತ್ತಾರೆ. ಹಾಗಂತ ನಮ್ಮವರ ಮಂಡಿ ಏನೂ ಉಳಿದಿಲ್ಲ, ಅರಮಂಡಿಯಲ್ಲಿ ಕಲ್ಲು ನೆಲ ತಟ್ಟಿ ತಟ್ಟಿ ಮಂಡಿ ಹಾಳುಮಾಡಿಕೊಂಡವರನ್ನು ನಾನೇ ಕಂಡಿದ್ದೇನೆ. ಆದರೆ ನೋಡುವವರು ಕ್ಷಮಿಸುತ್ತಾರೆ. ಬ್ಯಾಲೆಯಲ್ಲಿ ಕ್ಷಮಿಸುವುದು ಕಷ್ಟ. ಅಲ್ಲಿ ಕಾಲು ಕಿವಿಯ ಹತ್ತಿರ ಹೋಗಬೇಕು ಅಂದರೆ ಹೋಗಬೇಕು. ಮೂವತ್ತೆರಡು ಸುತ್ತು ಅಂದರೆ ಮೂವತ್ತೆರಡೇ, ಯಾಕಂದರೆ ನೋಡುವವರು ಎಣಿಸುತ್ತಿರುತ್ತಾರೆ. ಸ್ವಾನ್ ಲೇಕ್‌ನಲ್ಲಿ ಕಪ್ಪು ಹಂಸ ಒಂಟಿ ಕಾಲ ತುದಿಯಲ್ಲಿ ನಿಂತು, ಇನ್ನೊಂದು ಕಾಲನ್ನು ಚಾವಟಿಯ ಹಾಗೆ ಬೀಸುತ್ತಾ ತಿರುಗುವುದಿದೆಯಲ್ಲ, ಅದು 1895ರಲ್ಲಿ ಪಿಯೆರಿನಾ ಲೆನ್ಯಾನಿ ಎಂಬ ಇಟಲಿಯ ಹೆಂಗಸು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮಾಡಿ ತೋರಿಸಿದ್ದು. ಆಕೆ ಮಾಡಿದ ಪುಣ್ಯಕ್ಕೆ ನೂರಮೂವತ್ತು ವರ್ಷದಿಂದ ಹುಡುಗಿಯರು ಮೂವತ್ತೆರಡು ಸುತ್ತುತ್ತಲೇ ಇದ್ದಾರೆ.

ಒಂದು ಭಾನುವಾರ ಮೇಡಂ ಬೀರುವಿನ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆ ತೆಗೆಸಿದರು, ನನ್ನ ಕೈಯಲ್ಲಿ. ಒಳಗೆ ಒಂದು ಜೊತೆ ಪಾಯಿಂಟ್ ಶೂ, ಕಾಲ್ಬೆರಳ ತುದಿಯ ಮೇಲೆ ನಿಲ್ಲಲು ಹಾಕಿಕೊಳ್ಳುವಂಥದ್ದು. ಅವರ ಕೊನೆಯ ಪ್ರದರ್ಶನದ್ದು. ನಾನು ಇಷ್ಟು ದಿನ ತುದಿಯಲ್ಲಿ ಮರದ ತುಂಡು ಇರುತ್ತದೆ ಅಂದುಕೊಂಡಿದ್ದೆ. ಮರವೂ ಇಲ್ಲ ಮಣ್ಣೂ ಇಲ್ಲ. ಬಟ್ಟೆ, ಕಾಗದ ಪದರ ಪದರವಾಗಿ ಅಂಟು ಹಾಕಿ ಗಟ್ಟಿ ಮಾಡಿರುತ್ತಾರೆ, ಅಷ್ಟೇ. ನಮ್ಮಲ್ಲಿ ಗೊಂಬೆಗೆ ಕಾಗದದ ಪದರ ಅಂಟಿಸುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಎಡ ಬಲ ಅಂತ ಬೇರೆ ಇಲ್ಲ, ಎರಡೂ ಒಂದೇ ಅಚ್ಚು. ರಿಬ್ಬನ್ನನ್ನು ಅವರವರೇ ಹೊಲಿದುಕೊಳ್ಳಬೇಕು. ಹೊಸ ಶೂ ಬಂದರೆ ಬಾಗಿಲ ಸಂದಿಗೆ ಸಿಕ್ಕಿಸಿ, ನೆಲಕ್ಕೆ ಬಡಿದು, ಅಟ್ಟೆಯನ್ನು ಕೆರೆದು ಮೆತ್ತಗೆ ಮಾಡಿಕೊಳ್ಳುತ್ತಾರೆ, ಇಲ್ಲದಿದ್ದರೆ ಸದ್ದು ಬರುತ್ತದೆ, ಹಂಸ ಲಾಳ ಹೊಡೆಸಿದ ಎತ್ತಿನ ಹಾಗೆ ನಡೆದರೆ ಹೇಗೆ! ದೊಡ್ಡ ಪಾತ್ರದವರು ಒಂದೇ ರಾತ್ರಿಗೆ ಒಂದು ಜೊತೆ ಮುಗಿಸಿಬಿಡುತ್ತಾರಂತೆ. ಆ ಗಟ್ಟಿ ತುದಿ ಬೆವರಿಗೆ ನೆಂದು ಕೊಳೆತ ಬಾಳೆಕಾಯಿಯ ಹಾಗಾಗುತ್ತದೆ, ಮತ್ತೆ ನಿಲ್ಲಲು ಬರುವುದಿಲ್ಲ.

ಮೇಡಂ ಪಾದ ತೋರಿಸಿದರು. ಹೆಬ್ಬೆರಳ ಬುಡದಲ್ಲಿ ನಿಂಬೆಕಾಯಿ ಗಾತ್ರದ ಗಂಟು. ಎರಡನೇ ಬೆರಳು ಹೆಬ್ಬೆರಳ ಮೇಲೆ ಹತ್ತಿ ಕೂತಿದೆ. ಎರಡು ಉಗುರು ಇಲ್ಲ. ನಾನು ಏನೂ ಮಾತಾಡಲಿಲ್ಲ. "ಇದು ಏನೂ ಅಲ್ಲ, ಪಾದ ಯಾರನ್ನೂ ಮನೆಗೆ ಕಳಿಸಲ್ಲ, ಕಳಿಸೋದು ಸೊಂಟ" ಎಂದರು.

ಬ್ಯಾಲೆಯ ಮೊದಲ ಪಾಠವೇ ಎರಡೂ ಪಾದವನ್ನು ಹೊರಕ್ಕೆ ತಿರುಗಿಸಿ ಹಿಮ್ಮಡಿಗೆ ಹಿಮ್ಮಡಿ ಕೂಡಿಸಿ ಒಂದೇ ಗೆರೆಯಲ್ಲಿ ನಿಲ್ಲುವುದು. ಅದಕ್ಕೆ ಟರ್ನ್‌ಔಟ್ ಎನ್ನುತ್ತಾರೆ. ಆ ತಿರುವು ಪಾದದಿಂದ ಬರಬಾರದು, ತೊಡೆ ಮೂಳೆ ಸೊಂಟದ ಕೀಲಿನಲ್ಲಿ ಕೂರುವ ಜಾಗದಿಂದಲೇ ಬರಬೇಕು. ಅದು ಮೂಳೆಯ ಆಕಾರದ ಮೇಲಿದೆ. ಹುಟ್ಟುವಾಗಲೇ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇಲ್ಲದವರು ಮಂಡಿ, ಹರಡಿನಿಂದ ಎಳೆದು ತಿರುಗಿಸುತ್ತಾರೆ, ಮಂಡಿ ಹೋಗುತ್ತದೆ. ಇರುವವರು ದಿನಾ ಅದೇ ಕೀಲನ್ನು ಅದರ ತುತ್ತತುದಿಯವರೆಗೆ ತಿರುಗಿಸಿ ತಿರುಗಿಸಿ ಸವೆಸುತ್ತಾರೆ. ಎಂಟೋ ಒಂಬತ್ತೋ ವರ್ಷಕ್ಕೆ ಶುರುವಾದರೆ ಮೂವತ್ತು ತುಂಬುವಷ್ಟರಲ್ಲಿ ಇಪ್ಪತ್ತು ವರ್ಷದ ಸವೆತ ಆಗಿರುತ್ತದೆ. ಅದೂ ಸಾಲದು ಅಂತ ಪಾಲೆ ಗಾರ್ನಿಯೇಯ ವೇದಿಕೆ ಸಮತಟ್ಟಾಗಿಲ್ಲ, ಹಿಂದಿನಿಂದ ಮುಂದಕ್ಕೆ ಇಳಿಜಾರು. ಕೂತವರಿಗೆ ಹಿಂದಿನ ಸಾಲೂ ಚೆಂದ ಕಾಣಲಿ ಅಂತ. ಕುಣಿಯುವವರು ಇಳಿಜಾರಿನಲ್ಲಿ ಒಂಟಿ ಕಾಲಲ್ಲಿ ಸುತ್ತಬೇಕು.

ಮೇಡಂ ಸೊಂಟ ಮೂವತ್ತೆರಡಕ್ಕೆ ನೋಯಲು ಶುರುವಾಯಿತು. ಎರಡು ವರ್ಷ ಯಾರಿಗೂ ಹೇಳಲಿಲ್ಲ. ಹೇಳಿದರೆ ಪಾತ್ರ ಹೋಗುತ್ತದೆ. ನೋವಿನ ಮಾತ್ರೆ ನುಂಗಿ ಕುಣಿದರು, ಒಂದು ವಾರ ಪ್ರದರ್ಶನ ಮುಗಿಸಿ ಹೋಟೆಲಿನಲ್ಲಿ ಮೆಟ್ಟಿಲನ್ನು ಕೂತುಕೊಂಡೇ ಏರಿದರಂತೆ, ಒಂದೊಂದೇ ಮೆಟ್ಟಿಲು, ಮಕ್ಕಳು ಏರುವ ಹಾಗೆ. ಮರುವರ್ಷದ ಕರಾರು ಬರಲಿಲ್ಲ. ಅವರು ಒಪೆರಾದವರಲ್ಲವಲ್ಲ, ಆದ್ದರಿಂದ ಪಿಂಚಣಿಯೂ ಇಲ್ಲ. ಇದು ನನಗೆ ತಡವಾಗಿ ಹೊಳೆದ ವಿಷಯ. ಆ 42ರ ಪಿಂಚಣಿ ಪ್ಯಾರಿಸ್ ಒಪೆರಾ ಎಂಬ ಒಂದು ಮನೆಯವರದ್ದು ಮಾತ್ರ. ಫ್ರಾನ್ಸ್‌ನ ಉಳಿದ ನರ್ತಕರಲ್ಲಿ ಬಹಳ ಜನ ಪ್ರದರ್ಶನದಿಂದ ಪ್ರದರ್ಶನಕ್ಕೆ ಬದುಕುವವರು. ಹನ್ನೆರಡು ತಿಂಗಳಲ್ಲಿ 507 ಗಂಟೆ ಕೆಲಸ ತೋರಿಸಿದರೆ ನಡುವಿನ ದಿನಗಳಿಗೆ ನಿರುದ್ಯೋಗ ಭತ್ಯೆ ಸಿಗುತ್ತದೆ, ತೋರಿಸಲಾಗದಿದ್ದರೆ ಅದೂ ಇಲ್ಲ. ಒಪೆರಾದ ಮೆಟ್ಟಿಲ ಮುಂದೆ ಕುಣಿದ ಹುಡುಗಿಯರನ್ನು ನೋಡಿ ನಾನು ಕಣ್ಣೀರು ಹಾಕಿದ್ದನ್ನು ಮೇಡಂಗೆ ಹೇಳಿದಾಗ ಅವರು, "ಚೆನ್ನಾಗಿ ಕುಣಿದರು, ನಾನೂ ಟಿವಿಯಲ್ಲಿ ನೋಡಿದೆ" ಎಂದಷ್ಟೇ ಹೇಳಿ ಸುಮ್ಮನಾಗಿದ್ದರು. ಆ ಸುಮ್ಮನೆ ಯಾಕೆ ಅಂತ ಆಗ ಗೊತ್ತಾಗಿರಲಿಲ್ಲ.

ನನಗೆ ಅನಿಸುವುದು ಇಷ್ಟು. ಯಾವಾಗ ನಿಲ್ಲಬೇಕು ಅನ್ನುವುದನ್ನು ಮೈ ತೀರ್ಮಾನಿಸುತ್ತದೆ ಅಂದುಕೊಳ್ಳುತ್ತೇವೆ. ದುಡ್ಡು ತೀರ್ಮಾನಿಸುವುದೇ ಜಾಸ್ತಿ.

ಮಾರ್ಗೊ ಫಾಂಟೇನ್ ಕತೆ ತೆಗೆದುಕೊಳ್ಳಿ. ಇಂಗ್ಲೆಂಡಿನ ಅತಿ ದೊಡ್ಡ ಹೆಸರು. 1919ರಲ್ಲಿ ಹುಟ್ಟಿದವರು. 1962ರಲ್ಲಿ ಅವರಿಗೆ ಇದೇ 42. ಇನ್ನೇನು ಬಿಡುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದಾಗ ಸೋವಿಯತ್ ಒಕ್ಕೂಟದಿಂದ ತಪ್ಪಿಸಿಕೊಂಡು ಬಂದ 23ರ ಹುಡುಗ ರುಡಾಲ್ಫ್ ನುರೆಯೆವ್ ಸಿಕ್ಕ. ಆ ವರ್ಷ ಫೆಬ್ರವರಿ 21ರಂದು ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಇಬ್ಬರೂ ಸೇರಿ ಜಿಸೆಲ್ ಎಂಬ ಬ್ಯಾಲೆ ಮಾಡಿದರು. ತಾಯಿ ಮಗನ ವಯಸ್ಸಿನ ಅಂತರ, ಆದರೆ ವೇದಿಕೆಯ ಮೇಲೆ ಯಾರಿಗೂ ಅದು ಕಾಣಲಿಲ್ಲ. ಅವರ ವೃತ್ತಿಗೆ ಎರಡನೇ ಜನ್ಮ ಬಂತು. ಇಲ್ಲಿಯವರೆಗಿನ ಕತೆಯನ್ನು ಎಲ್ಲರೂ ಬಾಯಿ ಚಪ್ಪರಿಸಿ ಹೇಳುತ್ತಾರೆ.

ಮುಂದಿನದ್ದನ್ನು ಕಮ್ಮಿ ಹೇಳುತ್ತಾರೆ. 1964ರಲ್ಲಿ ಅವರ ಗಂಡ, ಪನಾಮಾದ ರಾಜಕಾರಣಿ ರೊಬೆರ್ತೊ ಅರಿಯಾಸ್, ಗುಂಡೇಟು ತಿಂದು ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡರು. ಇಪ್ಪತ್ತೈದು ವರ್ಷ ಆ ಗಂಡನ ಆಸ್ಪತ್ರೆ, ನರ್ಸು, ಔಷಧಿ. ಫಾಂಟೇನ್ ಕುಣಿದರು. ಐವತ್ತಾದರೂ ಕುಣಿದರು, ಐವತ್ತೈದಾದರೂ ಕುಣಿದರು. ಕಲೆಯ ಮೇಲಿನ ಪ್ರೀತಿ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ, ಆದರೆ ಬಿಲ್ಲು ಕಟ್ಟಬೇಕಿತ್ತು. 1979ರಲ್ಲಿ ಅರವತ್ತು ತುಂಬಿದಾಗ ಕೋವೆಂಟ್ ಗಾರ್ಡನ್‌ನಲ್ಲಿ ಸನ್ಮಾನ ಮಾಡಿದರು, ದೊಡ್ಡ ಬಿರುದು ಕೊಟ್ಟರು. ಆಮೇಲೆ ಪನಾಮಾದಲ್ಲಿ ದನ ಸಾಕಿಕೊಂಡು ಇದ್ದರು. ಕೈಯಲ್ಲಿ ಕಾಸಿರಲಿಲ್ಲ. 1990ರಲ್ಲಿ ಅವರ ಸಲುವಾಗಿ ಲಂಡನ್ನಿನಲ್ಲಿ ಸಹಾಯಾರ್ಥ ಪ್ರದರ್ಶನ ಇಟ್ಟು ಹಣ ಎತ್ತಬೇಕಾಯಿತು. 1991ರ ಫೆಬ್ರವರಿ 21ಕ್ಕೆ ತೀರಿಕೊಂಡರು. ಆ ಜಿಸೆಲ್ ಆಗಿ ಸರಿಯಾಗಿ ಇಪ್ಪತ್ತೊಂಬತ್ತು ವರ್ಷ, ಅದೇ ತಾರೀಕು.

ನುರೆಯೆವ್‌ದು ಬೇರೆ ಥರ. ದುಡ್ಡಿನ ಕೊರತೆ ಇರಲಿಲ್ಲ, ದ್ವೀಪವನ್ನೇ ಕೊಂಡಿದ್ದ ಮನುಷ್ಯ. ಆದರೆ ನಿಲ್ಲಿಸಲು ಬರಲಿಲ್ಲ. 1983ರಿಂದ ಆರು ವರ್ಷ ಪ್ಯಾರಿಸ್ ಒಪೆರಾ ಬ್ಯಾಲೆಯ ನಿರ್ದೇಶಕರಾಗಿದ್ದವರು, ಅಂದರೆ ವಯಸ್ಸು ನೋಡಿ ಎಲ್ಲರನ್ನೂ ಮನೆಗೆ ಕಳಿಸುವ ಕಟ್ಟಡದಲ್ಲಿ ತಾವು ನಲವತ್ತೈದರ ಮೇಲೆ ಕೂತವರು, ಅಲ್ಲೂ ತಮಗೆ ತಾವೇ ಪಾತ್ರ ಹಾಕಿಕೊಳ್ಳುತ್ತಿದ್ದರು. ಒಳಗೆ ಕಾಯಿಲೆ. 1991ರಲ್ಲಿ ಇಂಗ್ಲೆಂಡಿನ ಪ್ರವಾಸದಲ್ಲಿ ಜನ ದುಡ್ಡು ವಾಪಸ್ ಕೊಡಿ ಎಂದು ಕೂಗಿದರು. ಒಂದು ಕಾಲದಲ್ಲಿ ಟಿಕೆಟ್ಟಿಗಾಗಿ ರಾತ್ರಿಯೆಲ್ಲಾ ಫುಟ್‌ಪಾತಿನಲ್ಲಿ ಮಲಗುತ್ತಿದ್ದ ದೇಶದ ಜನ. ಅವರ ಕೊನೆಯ ಕೆಲಸ 1992ರ ಅಕ್ಟೋಬರಿನಲ್ಲಿ ಪಾಲೆ ಗಾರ್ನಿಯೇಯಲ್ಲಿ ಕಟ್ಟಿದ ಲಾ ಬಯದೇರ್. ಅದು ನಮ್ಮ ದೇಶದ ದೇವಸ್ಥಾನದ ನರ್ತಕಿಯ ಕತೆ ಅಂತೆ. ನಾಯಕಿಯ ಹೆಸರು ನಿಕಿಯಾ, ನಾಯಕನ ಹೆಸರು ಸೋಲೋರ್, ಇಂಥ ಹೆಸರು ನಮ್ಮ ಯಾವ ಊರಲ್ಲಿದೆಯೋ ದೇವರಿಗೇ ಗೊತ್ತು, ನಡುವೆ ಆನೆ ಬೇರೆ ಬರುತ್ತದೆ. ಆದರೆ ಅದರ ಮೂರನೇ ಅಂಕದಲ್ಲಿ ಬಿಳಿ ಉಡುಗೆಯ ಹುಡುಗಿಯರು ಒಬ್ಬರ ಹಿಂದೆ ಒಬ್ಬರು, ಒಂದೇ ಭಂಗಿಯನ್ನು ಮತ್ತೆ ಮತ್ತೆ ಮಾಡುತ್ತಾ ಇಳಿಜಾರಿನಲ್ಲಿ ಇಳಿದು ಬರುವುದನ್ನು ನೋಡಿದರೆ ಆನೆಯನ್ನೂ ಕ್ಷಮಿಸಿಬಿಡುತ್ತೀರಿ. ಮೊದಲ ಪ್ರದರ್ಶನದ ಕೊನೆಗೆ ನುರೆಯೆವ್‌ರನ್ನು ಎರಡೂ ಕಡೆ ಹಿಡಿದು ವೇದಿಕೆಗೆ ತಂದರು. ಮೂರು ತಿಂಗಳಲ್ಲಿ ಹೋದರು, 54 ವರ್ಷ.

ಹಾಗಾದರೆ 42ರ ನಿಯಮವೇ ಒಳ್ಳೆಯದಾ? ನನ್ನ ಪ್ರಕಾರ ಜನ ಅಂದುಕೊಂಡಷ್ಟು ಕೆಟ್ಟದಲ್ಲ. ಹದಿನೆಂಟಕ್ಕೆ ಸೇರುವಾಗಲೇ ಕೊನೆಯ ತಾರೀಕು ಗೊತ್ತಿರುತ್ತದೆ. ನೀನು ಸೋತೆ ಅಂತ ಯಾರೂ ಹೇಳಬೇಕಾಗಿಲ್ಲ, ಕ್ಯಾಲೆಂಡರ್ ಹೇಳುತ್ತದೆ. ಪ್ಯಾರಿಸ್‌ನಲ್ಲಿ ಎಟ್ವಾಲ್, ಅಂದರೆ ನಕ್ಷತ್ರ ಅನ್ನುವ ಅತಿ ಮೇಲಿನ ದರ್ಜೆಯವರಿಗೆ ವಿದಾಯದ ರಾತ್ರಿ ಅಂತ ಮಾಡುತ್ತಾರೆ. ಆರೆಲಿ ದ್ಯುಪಾಂ 2015ರಲ್ಲಿ ಮಾನಾಂ ಎಂಬ ಬ್ಯಾಲೆ ಕುಣಿದು ಹೋದರು, ಮರುವರ್ಷ ಅದೇ ಕಂಪನಿಗೆ ನಿರ್ದೇಶಕಿಯಾಗಿ ಬಂದರು. ಮೇಲಿಂದ ಹೊಳೆಯುವ ಕಾಗದದ ಚೂರು ಸುರಿಯುತ್ತದೆ, ಜನ ಎದ್ದು ನಿಂತು ಕೈ ನೋಯುವವರೆಗೆ ಚಪ್ಪಾಳೆ ಹೊಡೆಯುತ್ತಾರೆ. ಹಿಂದಿನ ಸಾಲಿನವರಿಗೆ ಕಾಗದದ ಚೂರು ಇಲ್ಲ. ಅವರದು ಒಳಗೊಳಗೇ ಒಂದು ಗ್ಲಾಸ್ ಶಾಂಪೇನು.

ಆದರೆ ನಿಯಮ ಇದ್ದರೆ ಕಳೆದುಕೊಳ್ಳುವುದೂ ಇದೆ. ಗಲೀನಾ ಉಲಾನೋವಾ 1956ರಲ್ಲಿ ಮಾಸ್ಕೋದ ಬಲ್ಶೋಯ್ ಕಂಪನಿಯ ಜೊತೆ ಲಂಡನ್ನಿಗೆ ಬಂದು ಜೂಲಿಯೆಟ್ ಆದಾಗ ಅವರಿಗೆ 46. ಹದಿನಾಲ್ಕೂ ತುಂಬದ ಹುಡುಗಿಯ ಪಾತ್ರ! ನೋಡಿದವರು ಜೀವನವಿಡೀ ಅದನ್ನೇ ಹೇಳಿಕೊಂಡರು. ಕ್ಯೂಬಾದ ಅಲಿಸಿಯಾ ಅಲೋನ್ಸೊಗೆ ಚಿಕ್ಕ ವಯಸ್ಸಿನಿಂದ ಕಣ್ಣು ಹೆಚ್ಚುಕಮ್ಮಿ ಕಾಣಿಸುತ್ತಿರಲಿಲ್ಲ, ವೇದಿಕೆಯ ದೀಪಗಳನ್ನು ಗುರುತಿಟ್ಟುಕೊಂಡು ಕುಣಿಯುತ್ತಿದ್ದರು, ಎಪ್ಪತ್ತು ದಾಟಿದ ಮೇಲೂ ಬಿಡಲಿಲ್ಲ. ರಷ್ಯಾದ ಮಾಯಾ ಪ್ಲಿಸೆತ್ಸ್ಕಾಯಾ ತಮ್ಮ 75ನೇ ಹುಟ್ಟುಹಬ್ಬಕ್ಕೆ ಬೀಸಣಿಗೆ ಹಿಡಿದು ಕುಣಿದರು. ಇಟಲಿಯ ಅಲೆಸಾಂದ್ರಾ ಫೆರಿ 2007ರಲ್ಲಿ, 44ಕ್ಕೆ, ಸಾಕು ಎಂದು ಹೋದವರು ಆರು ವರ್ಷ ಬಿಟ್ಟು ವಾಪಸ್ ಬಂದರು, 53ಕ್ಕೆ ನ್ಯೂಯಾರ್ಕಿನಲ್ಲಿ ಮತ್ತೆ ಜೂಲಿಯೆಟ್ ಆದರು. ಸಿಲ್ವಿ ಗಿಯೆಮ್ ಮಾತ್ರ ಸರಿಯಾದ ಲೆಕ್ಕದವರು. 19ಕ್ಕೇ ಪ್ಯಾರಿಸ್‌ನಲ್ಲಿ ಎಟ್ವಾಲ್ ಆಗಿ, 1989ರಲ್ಲಿ ಜಗಳವಾಡಿಕೊಂಡು ಲಂಡನ್ನಿಗೆ ಹೋದವರು, ತಾರೀಕನ್ನು ತಾವೇ ಆರಿಸಿಕೊಂಡರು: 50 ವರ್ಷ, 2015ರ ಡಿಸೆಂಬರ್ 31, ಜಪಾನ್. ಹೊಸ ವರ್ಷದ ಹೊತ್ತಿಗೆ ಬೊಲೆರೊ ಎಂಬ ನೃತ್ಯ ಮುಗಿಸಿದರು. ಅಷ್ಟೇ, ಮತ್ತೆ ತಿರುಗಿ ನೋಡಲಿಲ್ಲ. ನನಗೆ ಅವರ ಮೇಲೆ ಸ್ವಲ್ಪ ಹೊಟ್ಟೆಕಿಚ್ಚಿದೆ.

ಹಾಲೆಂಡಿನಲ್ಲಿ ಒಂದು ಒಳ್ಳೇ ಪ್ರಯೋಗ ನಡೆದಿತ್ತು. ಯೀರಿ ಕೀಲಿಯಾನ್ ಎಂಬ ಕೊರಿಯೋಗ್ರಾಫರ್, ಅಂದರೆ ನೃತ್ಯ ಸಂಯೋಜಕರು, ನೆದರ್‌ಲ್ಯಾಂಡ್ಸ್ ಡಾನ್ಸ್ ಥಿಯೇಟರ್‌ನಲ್ಲಿ 1991ರಲ್ಲಿ ಮೂರನೇ ತಂಡ ಅಂತ ಕಟ್ಟಿದರು, ನಲವತ್ತು ದಾಟಿದವರಿಗಾಗಿಯೇ. ನಾಲ್ಕೈದು ಜನ, ಅವರ ಮೈಗೆ ತಕ್ಕ ಹೊಸ ನೃತ್ಯಗಳು. ಹದಿನೈದು ವರ್ಷ ನಡೆದು 2006ರಲ್ಲಿ ನಿಂತಿತು. ಚಿಟ್ಟಾಣಿಯವರನ್ನು ನೋಡಿ ಬೆಳೆದವರಿಗೆ ಇದರಲ್ಲಿ ಹೊಸತೇನೂ ಕಾಣಲ್ಲ. ಅಲ್ಲಿಯವರಿಗೆ ಅದೊಂದು ಕ್ರಾಂತಿ. ಬ್ರಿಟನ್ನಿನಲ್ಲಿ 1973ರಿಂದಲೇ ಕುಣಿತ ಬಿಟ್ಟವರಿಗೆ ಬೇರೆ ಕೆಲಸ ಕಲಿಸಲು ಒಂದು ನಿಧಿ ಇದೆ.

ಬಿಟ್ಟ ಮೇಲೆ ಏನು ಅನ್ನುವುದಕ್ಕೆ ನಮ್ಮವರದ್ದೇ ಒಂದು ಉದಾಹರಣೆ ಮೇಡಂಗೆ ಹೇಳಿದೆ. ಮಲ್ಲೇಶ್ವರದ ಮಾಯಾ ರಾವ್, ಕಥಕ್ ಕಲಾವಿದೆ, 1960ರ ದಶಕದಲ್ಲಿ ಮಾಸ್ಕೋಗೆ ಹೋಗಿ ಕೊರಿಯೋಗ್ರಫಿ ಕಲಿತವರು. ಆಗ ಮೂವತ್ತು ದಾಟಿತ್ತು. ರಷ್ಯಾದ ಹುಡುಗಿಯರು ನಿಲ್ಲಿಸುವ ಯೋಚನೆ ಮಾಡುವ ವಯಸ್ಸಿಗೆ ಇವರು ಶುರುಮಾಡಿದರು. ವಾಪಸ್ ಬಂದು ಕೊನೆಗಾಲದವರೆಗೆ ಕಲಿಸಿದರು, 2014ರಲ್ಲಿ ತೀರಿಕೊಂಡಾಗ 86. "ಅವರ ಸೊಂಟ ಹೇಗಿತ್ತು?" ಅಂತ ಮೇಡಂ ಕೇಳಿದರು. ನನಗೆ ಏನು ಗೊತ್ತು!

ಮೇಡಂ ಏನು ಮಾಡಿದರು ಅಂದರೆ, ಮೊದಲ ಎರಡು ವರ್ಷ ಬಟ್ಟೆ ಅಂಗಡಿಯಲ್ಲಿ ಗಲ್ಲಾದಲ್ಲಿ ಕೂತರು. ದಿನಕ್ಕೆ ಎಂಟು ಗಂಟೆ ಕೂತಿರುವುದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತಂತೆ. ಹದಿನಾರು ವರ್ಷ ಯಾರೋ ಬೆಳಗ್ಗೆ ಹತ್ತಕ್ಕೆ ಅಭ್ಯಾಸದ ಕಂಬಿ ಹಿಡಿದು ನಿಲ್ಲು ಎನ್ನುತ್ತಿದ್ದರು, ಸಂಗೀತ ನಿಂತ ಮೇಲೆ ನಿಲ್ಲಿಸು ಎನ್ನುತ್ತಿದ್ದರು. ಈಗ ಬೆಳಗ್ಗೆ ಎದ್ದರೆ ಏನು ಮಾಡಬೇಕು ಅಂತ ಯಾರೂ ಹೇಳುವವರಿಲ್ಲ. "ಬಸ್ ಪಾಸ್ ಅರ್ಜಿ ತುಂಬೋಕೆ ಬರ್ತಿರಲಿಲ್ಲ ನನಗೆ" ಎಂದರು. ಫ್ರಾನ್ಸ್‌ನಲ್ಲಿ ನೃತ್ಯ ಕಲಿಸಬೇಕಾದರೆ ಸರ್ಕಾರದ ಡಿಪ್ಲೊಮಾ ಬೇಕು. ಹದಿನೇಳಕ್ಕೆ ಓದು ಬಿಟ್ಟವರು ಮೂವತ್ತೇಳಕ್ಕೆ ಪುಸ್ತಕ ಹಿಡಿದು, ಮೂಳೆ ಮಾಂಸಖಂಡಗಳ ಹೆಸರು ಬಾಯಿಪಾಠ ಮಾಡಿದರು. ಅವರನ್ನು ಮನೆಗೆ ಕಳಿಸಿದ ಆ ಕೀಲಿನ ಪೂರ್ತಿ ಹೆಸರು ಗೊತ್ತಾಗಿದ್ದು ಆಗಲೇ. ಈಗ ಪುರಸಭೆಯ ಶಾಲೆಯೊಂದರಲ್ಲಿ ಎಂಟು ವರ್ಷದ ಮಕ್ಕಳಿಗೆ ಕಲಿಸುತ್ತಾರೆ. ಮುಂದಿನ ಚಳಿಗಾಲಕ್ಕೆ ಕೃತಕ ಕೀಲು ಹಾಕಿಸಿಕೊಳ್ಳುವುದಿದೆ.

ಮೊನ್ನೆ ಶನಿವಾರ ನಮ್ಮ ಮನೆಗೆ ಬಂದಿದ್ದರು, ನಾಲ್ಕು ಮಹಡಿ ಹತ್ತಿ, ನಡುವೆ ಮೂರು ಸಲ ನಿಂತು. ಬೇಡ ಅಂದರೂ ಕೇಳಲಿಲ್ಲ. ನಾನು ಒಲೆಯ ಮೇಲೆ ಬೇಳೆ ಇಟ್ಟಿದ್ದೆ. ಸ್ವಾನ್ ಲೇಕ್‌ನಲ್ಲಿ ನೀವು ಎಲ್ಲಿರುತ್ತಿದ್ದಿರಿ ಎಂದು ಕೇಳಿದೆ. "ಮೂರನೇ ಸಾಲು, ಎಡದಿಂದ ಎರಡನೆಯವಳು" ಎಂದರು. ತಟ್ಟೆ ಪಕ್ಕಕ್ಕೆ ಸರಿಸಿ ಮೇಜಿನ ಮೇಲೆ ಕೈ ಇಟ್ಟರು. ಬ್ಯಾಲೆಯವರಿಗೆ ಒಂದು ಅಭ್ಯಾಸವಿದೆ, ಕಾಲಿಗೆ ದಣಿವಾದಾಗ ಹೆಜ್ಜೆಗಳನ್ನು ಕೈಯಲ್ಲಿ ಮಾಡಿಕೊಳ್ಳುತ್ತಾರೆ, ನೆನಪು ಹೋಗದಿರಲಿ ಅಂತ. ಎರಡು ಅಂಗೈ ಎರಡು ಪಾದ. ಬಾಯಲ್ಲಿ ಎಣಿಕೆ, ಒಂದು, ಎರಡು, ಮೂರು, ಬೆರಳ ತುದಿ ಮೇಲೇಳುತ್ತದೆ, ಮಣಿಕಟ್ಟು ತಿರುಗುತ್ತದೆ, ಪಕ್ಕದ ಹುಡುಗಿಗೆ ಜಾಗ ಬಿಡುತ್ತದೆ. ಇಪ್ಪತ್ತೆರಡು ವರ್ಷವಾದರೂ ಒಂದು ಹೆಜ್ಜೆ ಮರೆತಿಲ್ಲ. ನಾನು ಕೈ ಒರೆಸುವ ಬಟ್ಟೆ ಹಿಡಿದು ನೋಡುತ್ತಾ ನಿಂತಿದ್ದೆ.

ಆಗ ಕುಕ್ಕರ್ ಕೂಗಿತು. ಅವರು ಬೆಚ್ಚಿ, ಮೇಜಿಂದ ಕೈ ಎತ್ತಿ, "ಎಷ್ಟು ಬೇಕು ಇದಕ್ಕೆ?" ಎಂದರು.

"ಮೂರು."

"ಇದು ಎರಡನೆಯದು" ಎಂದರು. ನಾನು ಮೊದಲನೆಯದನ್ನು ಕೇಳಿಯೇ ಇರಲಿಲ್ಲ.